ಮ್ಯೂಟ್ ಬಟನ್ ಸವೆಸಿದ ದನಿ

ಬೆಳಗಿನ ಐದು ಗಂಟೆ. ಕೊಪ್ಪದ ಮೇಲಿನ ಪೇಟೆಯ ಹಿಂಬದಿಯ ಇಳಿಜಾರಿನಲ್ಲಿರುವ ಪುಟ್ಟ ಮನೆಯಲ್ಲಿ ಮೆಹರ್ ಬಾನು ಬಟ್ಟೆ ಬೀರುವಿನ ಎರಡೂ ಬಾಗಿಲು ತೆರೆದು, ಅದರೆದುರು ಸ್ಟೂಲು ಹಾಕಿಕೊಂಡು ಕುಳಿತಿದ್ದಾರೆ. ಮಡಚಿಟ್ಟ ಸೀರೆ, ಚಾದರ, ಗಂಡನ ಅಂಗಿಗಳ ನಡುವೆ ಒಂದು ಮೈಕು. ತಲೆಯ ಮೇಲಿಂದ ಹತ್ತಿಯ ರಜಾಯಿ. ಗೋಡೆಗೆ ಬಡಿದು ಮರಳುವ ಸದ್ದನ್ನು ಬಟ್ಟೆ ಕುಡಿದುಬಿಡುತ್ತದೆ; ಸ್ಟುಡಿಯೋ ಇಲ್ಲದವರ ಸ್ಟುಡಿಯೋ ಇದು. ಒಮ್ಮೆ ಗಂಟಲು ಸರಿಮಾಡಿಕೊಂಡು, ಮೊಬೈಲಿನಲ್ಲಿ ಕೆಂಪು ಚುಕ್ಕೆ ಒತ್ತಿ, ‘ಗ್ರಾಹಕರೇ ಗಮನಿಸಿ’ ಎಂದು ಶುರು ಮಾಡುತ್ತಾರೆ. ಮೊದಲು ಪಂಪ್‌ಸೆಟ್ ರಿಪೇರಿ. ಆಮೇಲೆ ಕನ್ನಡಕದ ಅಂಗಡಿ.

ಆರು ಗಂಟೆಗೆ ಮೊದಲ ಬಸ್ಸು ಹಾರನ್ ಹಾಕುವ ಮುನ್ನ ಎಲ್ಲ ಮುಗಿಯಬೇಕು. ಪಕ್ಕದ ಮನೆಯ ಗಂಗಾಂಬಿಕೆ ದೋಸೆಯ ಚಟ್ನಿಗೆ ಕಾಯಿ ತುರಿದಿಟ್ಟುಕೊಂಡು, ಬಾನು ಅವರ ಕಿಟಕಿ ತೆರೆಯುವವರೆಗೂ ಮಿಕ್ಸಿ ತಿರುಗಿಸದೆ ಕಾಯುತ್ತಾರೆ. ಹಾಲಿನವನು ಇಳಿಜಾರಿನ ತುದಿಯಲ್ಲೇ ಬೈಕಿನ ಎಂಜಿನ್ ಆರಿಸಿ, ಮನೆಯ ಮುಂದೆ ಸದ್ದಿಲ್ಲದೆ ಉರುಳಿಕೊಂಡು ಹೋಗುತ್ತಾನೆ. ಹೀಗೆ ಮಾಡಿ ಎಂದು ಇಬ್ಬರಿಗೂ ಯಾರೂ ಹೇಳಿದ್ದಲ್ಲ.

ಸ್ಟೂಲಿನ ಪಕ್ಕ ಇವತ್ತು ಐದು ಹಾಳೆಗಳಿವೆ. ನಾಲ್ಕನ್ನು ಓದಿ ಮುಗಿಸುತ್ತಾರೆ. ಐದನೆಯದು ಮೂರು ದಿನದಿಂದ ಹಾಗೇ ಉಳಿದಿದೆ. ಪೇಟೆಯ ದೊಡ್ಡದೊಂದು ಬಟ್ಟೆ ಅಂಗಡಿಯ ಜಾಹೀರಾತು ಅದು. ಮೇಲ್ಗಡೆ ಕೆಂಪು ಇಂಕಿನಲ್ಲಿ, ‘ಮೊದಲ ಹತ್ತು ಸೆಕೆಂಡ್ ಏನೂ ಸದ್ದು ಬೇಡ’ ಎಂದು ಬರೆದಿದೆ. ಇದನ್ನು ಓದುತ್ತೀರೋ ಇಲ್ಲವೋ ಎಂದು ಇವತ್ತು ಹೇಳಿಬಿಡಬೇಕೆಂದು ಕೇಬಲ್ ಚಾನೆಲ್ಲಿನ ಮಾಲೀಕ ಯೋಗೇಂದ್ರ ನಿನ್ನೆಯೇ ತಿಳಿಸಿದ್ದಾರೆ. ಓದದಿದ್ದರೆ ಇಪ್ಪತ್ತೆರಡು ವರ್ಷದ ಕೆಲಸ ಹೋಗಬಹುದು. ಓದಿದರೆ ಹೋಗುವುದು ಏನೆಂದು ಬಾನು ಅವರಿಗೆ ಮಾತ್ರ ಗೊತ್ತು.

ಕೊಪ್ಪ, ಹರಿಹರಪುರ, ಶೃಂಗೇರಿಯ ಕಡೆಯ ಬೇಗಾರ್, ಈಚೆ ನರಸಿಂಹರಾಜಪುರದವರೆಗೆ ಊರಿನ ಕೇಬಲ್ ಚಾನೆಲ್ ನೋಡುವ ಯಾರನ್ನೇ ಕೇಳಿ, ಮೆಹರ್ ಬಾನು ಅವರ ಮುಖ ಯಾರಿಗೂ ಗೊತ್ತಿಲ್ಲ. ದನಿ ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ಯಾರೂ ಕೇಳುವುದಿಲ್ಲ. ಹಳೆಯ ಸಿನಿಮಾ ನಡೆಯುತ್ತಿರುವಾಗ ‘ಟಿಣ್ ಟಿಣ್’ ಎಂದು ಗಂಟೆ ಬಾರಿಸಿತೆಂದರೆ ಮುಂದಿನದು ಅವರ ಜಾಹೀರಾತು. ಗಂಟೆಯ ಎರಡನೆಯ ‘ಟಿಣ್’ ಮುಗಿಯುವುದರೊಳಗೆ ಜನರ ಹೆಬ್ಬೆರಳು ರಿಮೋಟಿನ ಮ್ಯೂಟ್ ಬಟನ್ನಿನ ಮೇಲಿರುತ್ತದೆ. ರಿಮೋಟ್ ಕೈಗೆ ಸಿಗದವರು ಎದ್ದು ಒಳಗೆ ಹೋಗುತ್ತಾರೆ. ಕುಕ್ಕರ್ ಇಡುವುದು, ಬಟ್ಟೆ ತೆಗೆಯುವುದು, ಫೋನ್ ನೋಡುವುದು ಎಲ್ಲವೂ ಆಗಲೇ. ಹರಿಹರಪುರದ ಕೆಲವು ಮನೆಗಳಲ್ಲಿ ಜಾಹೀರಾತಿನ ಬಿಡುವಿಗೆ ಅವರ ಹೆಸರೇ ನಿಂತುಬಿಟ್ಟಿದೆ. ‘ಬಾನು ಬಂತು, ಟೀ ಇಡು’ ಎನ್ನುತ್ತಾರೆ. ಒಮ್ಮೆ ಆಸ್ಪತ್ರೆಯ ಸಾಲಿನಲ್ಲಿ ಕುಳಿತಿದ್ದಾಗ ಪಕ್ಕದ ಹೆಂಗಸು, ‘ನಿನ್ನೆ ಎರಡು ಬಾನು ಮುಗಿಯೋದ್ರೊಳಗೆ ಅಕ್ಕಿ ಆರಿಸಿ ಆಯ್ತು’ ಎಂದು ಹೇಳುತ್ತಿದ್ದುದನ್ನು ಅವರು ಕೇಳಿಸಿಕೊಂಡಿದ್ದಾರೆ. ತಾನೇ ಆ ಬಾನು ಎಂದು ಹೇಳಿಕೊಳ್ಳಲಿಲ್ಲ.

“ಬೇಜಾರು ಎಂತಕ್ಕೆ?” ಎನ್ನುತ್ತಾರೆ ಅವರು. “ನಾನು ಓದಿದ್ರಿಂದ ಅವ್ರ ಮನೇಲಿ ಅಕ್ಕಿ ಆಯ್ತಲ್ಲ.” ಹೇಳಿ ನಗುತ್ತಾರೆ. ನಗು ಬೇಗ ಮುಗಿಯುತ್ತದೆ.

ಮನೆಯ ಜಗಲಿಯಲ್ಲಿ ಗಂಡ ಅಬ್ದುಲ್ ವಹಾಬ್ ರಿಮೋಟ್ ರಿಪೇರಿ ಮಾಡುತ್ತಾರೆ. ಮೊದಲು ಇದೇ ಚಾನೆಲ್ಲಿನ ಲೈನ್‌ಮನ್ ಆಗಿದ್ದವರು. ಮರದಿಂದ ಮರಕ್ಕೆ ಕೇಬಲ್ ಎಳೆಯುತ್ತಿದ್ದಾಗ ಸಿಲ್ವರ್ ಓಕ್ ಮರದಿಂದ ಬಿದ್ದು ಒಂಬತ್ತು ವರ್ಷವಾಯಿತು. ಎಡಗಾಲಿನ ಮಂಡಿ ಮಡಚುವುದಿಲ್ಲ. ಇಪ್ಪತ್ತೆರಡು ವರ್ಷದ ಕೆಳಗೆ ಶಿವಮೊಗ್ಗದಿಂದ ಬರಬೇಕಿದ್ದ ಓದುವ ಹುಡುಗಿ ಬಾರದೆ ಮಾಲೀಕರು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ನಮ್ಮನೆಯಲ್ಲಿ ಒಬ್ಬಳಿದ್ದಾಳೆ, ಬಾಯಿ ಮುಚ್ಚುವುದೇ ಇಲ್ಲ ಎಂದು ಹೆಂಡತಿಯನ್ನು ಕರೆತಂದವರೂ ಅವರೇ. ನರಸಿಂಹರಾಜಪುರದ ದರ್ಜಿಯೊಬ್ಬರ ಮಗಳು, ಪಿಯುಸಿ ಓದಿದವರು, ಶಾಲೆಯ ವಾರ್ಷಿಕೋತ್ಸವದಲ್ಲಿ ಬಹುಮಾನದ ಪಟ್ಟಿ ಓದುತ್ತಿದ್ದವರು ಅವತ್ತು ಒಂದು ಪಾತ್ರೆ ಅಂಗಡಿಯ ಜಾಹೀರಾತು ಓದಿದರು. ಅಂದಿನಿಂದ ಓದುತ್ತಲೇ ಇದ್ದಾರೆ.

ವಹಾಬ್ ಮುಂದೆ ಪ್ಲಾಸ್ಟಿಕ್ ಬುಟ್ಟಿಯ ತುಂಬ ಬಿಚ್ಚಿದ ರಿಮೋಟುಗಳು. ಎಲ್ಲದರಲ್ಲೂ ಮೊದಲು ಸವೆದಿರುವುದು ಒಂದೇ ಬಟನ್. ಚಾಕಲೇಟಿನ ಬೆಳ್ಳಿ ಕಾಗದವನ್ನು ಕಾಳಿನಷ್ಟು ಕತ್ತರಿಸಿ ಆ ರಬ್ಬರಿನ ಕೆಳಗೆ ಅಂಟಿಸುತ್ತಾರೆ. ಇನ್ನೊಂದು ವರ್ಷ ಬರುತ್ತದೆ.

“ಇವ್ಳು ಹಾಳು ಮಾಡ್ತಾಳೆ, ನಾನು ಸರಿ ಮಾಡ್ತೀನಿ ಮಾರಾಯ್ರೆ,” ಎನ್ನುತ್ತಾರೆ ವಹಾಬ್. “ಒಂದೇ ಮನೇಲಿ ಎರಡು ಫ್ಯಾಕ್ಟ್ರಿ.”

“ನಿಮ್ಮ ರಿಮೋಟಿನ ಮ್ಯೂಟೂ ಸವೆದದೆ. ನಂಗೊತ್ತಿಲ್ಲ ಅಂತ ಮಾಡಿದ್ರಾ?” ಎಂದು ಒಳಗಿನಿಂದ ಹೆಂಡತಿ.

ಹಳೆಯದು ಹೊಸದು ಸೇರಿ ದಿನಕ್ಕೆ ಹದಿನಾಲ್ಕು ಜಾಹೀರಾತು. ಒಂದೊಂದು ಮೂವತ್ತು ಸೆಕೆಂಡು. ಒಂದೊಂದೂ ಇಪ್ಪತ್ತು ಸಲ. ಲೆಕ್ಕ ಹಾಕಿದರೆ ಬಾನು ಅವರ ದನಿ ಪ್ರತಿದಿನ ಎರಡು ಗಂಟೆ ಇಪ್ಪತ್ತು ನಿಮಿಷ ಈ ಮೂರು ತಾಲ್ಲೂಕುಗಳ ಮನೆಗಳೊಳಗೆ ಮಾತಾಡುತ್ತದೆ. ನಾಲ್ಕು ಸಾವಿರವಿದ್ದ ಕೇಬಲ್ ಮನೆಗಳು ಈಗ ಸಾವಿರದ ಆಸುಪಾಸಿಗೆ ಇಳಿದಿವೆ. ಉಳಿದವರು ತಾರಸಿಯ ಮೇಲೆ ಡಿಶ್ ಹಾಕಿದ್ದಾರೆ, ಇಲ್ಲವೇ ಫೋನಿನಲ್ಲೇ ನೋಡುತ್ತಾರೆ. ಹೋಟೆಲು, ಕ್ಷೌರದಂಗಡಿ, ಡಾಕ್ಟರ ಬಾಗಿಲಿನ ಬೆಂಚುಗಳೆದುರು ಮಾತ್ರ ಕೇಬಲ್ ಇನ್ನೂ ಇದೆ. ಐವತ್ತು ದಾಟಿದ ಮೇಲೆ ಬಾನು ಅವರಿಗೆ ಉಸಿರು ಸಾಲುವುದಿಲ್ಲ. ಮೂವತ್ತು ಸೆಕೆಂಡಿನ ಹಾಳೆಯಲ್ಲಿ ಎಲ್ಲಿ ಉಸಿರು ಎಳೆದುಕೊಳ್ಳಬೇಕೆಂದು ಪೆನ್ಸಿಲ್ಲಿನಲ್ಲಿ ಗೀಟು ಹಾಕಿಕೊಳ್ಳುತ್ತಾರೆ. ವರ್ಷದಿಂದ ವರ್ಷಕ್ಕೆ ಗೀಟುಗಳು ಹೆಚ್ಚುತ್ತಿವೆ.

ಹತ್ತು ಸೆಕೆಂಡಿನ ಮಾತು ಶುರುವಾದದ್ದು ಕಳೆದ ಫೆಬ್ರವರಿಯಲ್ಲಿ. ಬೇಗಾರಿನ ಕರಿಯಣ್ಣ, ಎಪ್ಪತ್ತು ದಾಟಿದವರು, ತೋಟದ ಕೂಲಿ ಮಾಡಿಕೊಂಡು ಬಂದವರು. ಎರಡು ವರ್ಷದಿಂದ ನೆನಪು ಕೈಕೊಡುತ್ತಿದೆ. ಮಗಳು ಸುಮಲತಾ ಅಪ್ಪನನ್ನು ಕಣ್ಣಿನ ಪರೀಕ್ಷೆಗೆಂದು ಕೊಪ್ಪಕ್ಕೆ ಕರೆತಂದಿದ್ದರು. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂರಿಸಿ, ಎದುರಿನ ಅಂಗಡಿಯಲ್ಲಿ ಮಾತ್ರೆ ತೆಗೆದುಕೊಂಡು ಬರುವಷ್ಟರಲ್ಲಿ ಅಪ್ಪ ಇರಲಿಲ್ಲ. ಪೊಲೀಸರಿಗೆ ಹೇಳಿದರು, ನೆಂಟರ ಮನೆಗಳಿಗೆ ಫೋನ್ ಮಾಡಿದರು. ಸಂಜೆ ಕೇಬಲ್ ಆಫೀಸಿಗೆ ಫೋಟೋ ತಂದುಕೊಟ್ಟರು. ಬಾನು ಅಲ್ಲೇ ಕುಳಿತು ಪ್ರಕಟಣೆ ಓದಿದರು. ಅದು ಎಂದಿನಂತೆ ಗಂಟೆಯೊಂದಿಗೆ, ‘ವೀಕ್ಷಕರೇ ಗಮನಿಸಿ’ ಎಂಬ ಮಾತಿನೊಂದಿಗೆ, ಅರ್ಧ ಗಂಟೆಗೊಮ್ಮೆ ಪ್ರಸಾರವಾಯಿತು. ಮರುದಿನ ಮಧ್ಯಾಹ್ನದವರೆಗೆ ಒಂದೇ ಒಂದು ಫೋನ್ ಬರಲಿಲ್ಲ.

ಆ ಮಧ್ಯಾಹ್ನ ಬಾನು ಸುಮಲತಾರನ್ನು ಬಲವಂತದಿಂದ ಪೇಟೆಯ ಹೋಟೆಲಿಗೆ ಕರೆದುಕೊಂಡು ಹೋದರು. ಆಕೆ ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ಇಡ್ಲಿ ಬರುವಷ್ಟರಲ್ಲಿ ಗೋಡೆಯ ಮೇಲಿನ ಟಿವಿಯಲ್ಲಿ ‘ಟಿಣ್ ಟಿಣ್’ ಎಂದಿತು. ಗಲ್ಲಾದಲ್ಲಿದ್ದವರು ಚಿಲ್ಲರೆ ಕೊಡುತ್ತಲೇ, ತಲೆ ಎತ್ತದೆ, ಇನ್ನೊಂದು ಕೈಯಲ್ಲಿ ಮ್ಯೂಟ್ ಒತ್ತಿದರು. ಪರದೆಯ ಮೇಲೆ ಕರಿಯಣ್ಣನ ಫೋಟೋ ಬಂತು, ಸದ್ದಿಲ್ಲದೆ ಹೋಯಿತು. ಹೋಟೆಲಿನ ತುಂಬ ಜನ. ಯಾರೂ ನೋಡಲಿಲ್ಲ.

“ಅಕ್ಕ,” ಎಂದರು ಸುಮಲತಾ, “ನಿಮ್ಮ ದನಿ ಬಂದ ಕೂಡ್ಲೇ ಎಲ್ರೂ ಟಿವಿ ಬಾಯಿ ಮುಚ್ಚಿಸ್ತಾರಲ್ಲ?”

ಆಕೆಗೆ ಚುಚ್ಚುವ ಉದ್ದೇಶವಿರಲಿಲ್ಲ. ಕಂಡದ್ದನ್ನು ಹೇಳಿದ್ದರು. ಬಾನು ತಮ್ಮ ಪಾಲಿನ ಇಡ್ಲಿಯನ್ನೂ ಆಕೆಯ ಕಡೆ ಸರಿಸಿದರು. ಇಪ್ಪತ್ತೆರಡು ವರ್ಷ ತಾನೇ ಜನರಿಗೆ ಒಂದು ಪಾಠ ಕಲಿಸಿದ್ದೇನೆ, ಆ ಗಂಟೆ ಬಾರಿಸಿದ ಮೇಲೆ ಕೇಳುವಂಥದ್ದು ಏನೂ ಇರುವುದಿಲ್ಲ ಎಂಬ ಪಾಠ, ಎಂದು ಅವರಿಗೆ ಅನಿಸಿತು. ಈಗ ಒಬ್ಬ ಮನುಷ್ಯ ಆ ಗಂಟೆಯ ಹಿಂದೆ ಸಿಕ್ಕಿಕೊಂಡಿದ್ದ.

ನೇರ ಆಫೀಸಿಗೆ ಹೋಗಿ, ಪ್ರಕಟಣೆಯಿಂದ ಗಂಟೆ ತೆಗೆಯಿರಿ ಎಂದರು. ಸಂಗೀತವೂ ಬೇಡ, ‘ಗಮನಿಸಿ’ಯೂ ಬೇಡ. ಪರದೆಯ ತುಂಬ ಕರಿಯಣ್ಣನ ಮುಖ ಮಾತ್ರ ಇರಲಿ, ಮೊದಲ ಹತ್ತು ಸೆಕೆಂಡು ಏನೂ ಸದ್ದಿರಬಾರದು. ಚಾನೆಲ್ ಕೆಟ್ಟಿದೆ ಎಂದು ಜನ ಬೈಯುತ್ತಾರೆ ಎಂದು ಯೋಗೇಂದ್ರ ಹಿಂದೆಮುಂದೆ ನೋಡಿದರು. ಬೈದರೂ ಪರವಾಗಿಲ್ಲ, ಬೈಯಬೇಕಾದರೆ ತಿರುಗಿ ನೋಡಲೇಬೇಕಲ್ಲ ಎಂದು ಬಾನು ಪಟ್ಟು ಹಿಡಿದರು. ಓದಿದ್ದೂ ಪುಸ್ತಕದ ಕನ್ನಡದಲ್ಲಲ್ಲ. “ಬೇಗಾರಿನ ಕರಿಯಣ್ಣ ನಿನ್ನೆಯಿಂದ ಮನೆಗೆ ಬಂದಿಲ್ಲ. ಮಗಳು ಕಾಯ್ತಾ ಇದಾಳೆ. ನಿಮ್ಮ ಹತ್ರ ಎಲ್ಲಾದ್ರೂ ಕೂತಿದಾರಾ, ಸ್ವಲ್ಪ ನೋಡಿ” ಎಂದರು. ಅಷ್ಟೇ.

ನಾಲ್ಕು ಗಂಟೆಯ ಸಿನಿಮಾದ ನಡುವೆ ಅದು ಬಂತು. ನಮ್ಮ ಕಡೆಯ ಮನೆಗಳಲ್ಲಿ ಟಿವಿಯ ಸದ್ದು ಫಕ್ಕನೆ ನಿಂತಿತೆಂದರೆ ಕರೆಂಟ್ ಹೋಯಿತೆಂದೇ ಅರ್ಥ. ಅಡುಗೆಮನೆಯಲ್ಲಿದ್ದವರು ಹೊರಗೆ ಬಂದರು, ಫೋನ್ ನೋಡುತ್ತಿದ್ದವರು ತಲೆ ಎತ್ತಿದರು. ಗಂಟೆ ಬಾರದ್ದರಿಂದ ಯಾರ ಬೆರಳೂ ಬಟನ್ನಿಗೆ ಹೋಗಲಿಲ್ಲ. ಕೇಬಲ್ ಹೋಯಿತೇ ಎಂದು ಕೇಳುವ ಹನ್ನೊಂದು ಫೋನ್ ಆಫೀಸಿಗೆ ಬಂದವು. ಹನ್ನೆರಡನೆಯದು ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಸಣ್ಣ ಹೋಟೆಲು ಇಟ್ಟಿರುವ ಜಾಹಿದ್ ಅವರದು.

“ಕರೆಂಟ್ ಹೋಯ್ತು ಅಂತ ತಿರುಗಿದೆ,” ಎಂದರಂತೆ ಜಾಹಿದ್. “ಟಿವಿ ಒಳಗಿರೋ ಅಜ್ಜ ಟಿವಿ ಕೆಳಗೇ ಕೂತಿದಾರೆ ಮಾರಾಯ್ರೆ.”

ಕರಿಯಣ್ಣ ಹಿಂದಿನ ದಿನ ಯಾವುದೋ ಬಸ್ಸು ಹತ್ತಿ ಅಲ್ಲಿ ಇಳಿದಿದ್ದರು. ಅಂದಿನಿಂದ ಆ ಹೋಟೆಲಿನ ಬೆಂಚಿನ ಮೇಲೆಯೇ ಇದ್ದರು. ಕೇಳಿದವರಿಗೆಲ್ಲ ಅವರು ಹೇಳಿದ್ದು ಒಂದೇ: ಮಗಳು ಮಾತ್ರೆ ತರಲು ಹೋಗಿದ್ದಾಳೆ, ಈಗ ಬರುತ್ತಾಳೆ. ಅಷ್ಟು ಸಮಾಧಾನದಿಂದ ಹೇಳುವವರು ದಾರಿ ತಪ್ಪಿದವರೆಂದು ಯಾರಿಗೆ ತೋಚೀತು? ಜಾಹಿದ್ ಟೀ, ಬನ್ನು, ಊಟ ಕೊಟ್ಟಿದ್ದರು, ಅಂಗಡಿಯೊಳಗೇ ಮಲಗಿಸಿ ತಮ್ಮ ಶಾಲು ಹೊದಿಸಿದ್ದರು. ಕರಿಯಣ್ಣನ ಫೋಟೋ ಅವರ ತಲೆಯ ಮೇಲೆಯೇ ಹತ್ತಾರು ಸಲ ಬಂದು ಹೋಗಿತ್ತು. ಪ್ರತಿ ಸಲವೂ ಜಾಹಿದ್ ಮ್ಯೂಟ್ ಒತ್ತಿದ್ದರು. ಅಜ್ಜನಿಗೆ ಗಲಾಟೆಯಾಗದಿರಲಿ ಎಂದು.

ಸುದ್ದಿ ಹಬ್ಬಿತು. ಅದರ ಹಿಂದೆಯೇ ಅಂಗಡಿಯವರೂ ಬಂದರು. ಸದ್ದಿಲ್ಲದ ಹತ್ತು ಸೆಕೆಂಡು ತಮಗೂ ಬೇಕು ಎಂದು. ಬಟ್ಟೆ ಅಂಗಡಿಯ ಹಾಳೆ ಒಂದು ಹೆಜ್ಜೆ ಮುಂದೆ ಹೋಗಿದೆ. ಹತ್ತು ಸೆಕೆಂಡ್ ಮೌನದಲ್ಲಿ ಒಬ್ಬ ಹುಡುಗಿಯ ಫೋಟೋ. ಆಮೇಲೆ ಬಾನು ಮನೆಮಾತಿನ ದನಿಯಲ್ಲಿ, ‘ನಮ್ಮನೆ ಕೂಸು ಬೆಳಿಗ್ಗೆಯಿಂದ ಮನೆಗೆ ಬಂದಿಲ್ಲ, ನಿಮ್ಮ ಹತ್ರ ಎಲ್ಲಾದ್ರೂ ಇದಾಳಾ ನೋಡಿ’ ಎನ್ನಬೇಕು. ಕಡೆಗೆ ಸಂಗೀತದೊಂದಿಗೆ ಉತ್ತರ: ಕೂಸು ಸೀರೆ ಮೇಳದಲ್ಲಿದೆ.

ಒಂಬತ್ತು ಗಂಟೆಗೆ ಬಾನು ಆಫೀಸಿನ ಮೆಟ್ಟಿಲು ಹತ್ತುತ್ತಾರೆ. ನಾಲ್ಕು ಜಾಹೀರಾತು ಕೊಟ್ಟು, ಐದನೆಯ ಹಾಳೆಯನ್ನು ಮೇಜಿನ ಮೇಲಿಡುತ್ತಾರೆ. ಯೋಗೇಂದ್ರ ಕೆಟ್ಟವರಲ್ಲ, ಹದಿನೈದು ದಿನದಿಂದ ಸರಿಯಾಗಿ ನಿದ್ದೆಯಿಲ್ಲದ ಮುಖ. ಈ ಅಂಗಡಿಯೂ ಕೈಬಿಟ್ಟರೆ ಚಾನೆಲ್ ನಡೆಸುವುದು ಕಷ್ಟ ಎನ್ನುತ್ತಾರೆ. ಈಗ ಕಂಪ್ಯೂಟರೇ ಓದುತ್ತದೆ, ನಿಮ್ಮ ದನಿಯ ಹಾಗೇ ಓದಿಸಬಹುದು ಎಂದೂ ಹೇಳುತ್ತಾರೆ. ಕಡೆಗೆ ದನಿ ತಗ್ಗಿಸಿ, “ಸುಮ್ನಿರೋಕೆ ನಿಮ್ಮ ದನಿ ಬೇಕಂತಿಲ್ಲ ಬಾನಕ್ಕ” ಎನ್ನುತ್ತಾರೆ.

ಬಾನು ಐದನೆಯ ಹಾಳೆಯನ್ನು ಯೋಗೇಂದ್ರರ ಕಡೆ ತಿರುಗಿಸಿಡುತ್ತಾರೆ. ಜಗಳವಾಡುವ ಶಕ್ತಿ ಅವರಲ್ಲಿ ಉಳಿದಿಲ್ಲ.

“ಬೇಕಂತಿಲ್ಲ, ಸರಿ,” ಎನ್ನುತ್ತಾರೆ. “ಆದ್ರೆ ಇದು ಒಂದ್ಸಲ ಬಂದ್ರೆ ಸಾಕು ಯೋಗೇಂದ್ರಣ್ಣ, ಜನ ಅದಕ್ಕೂ ಮ್ಯೂಟ್ ಒತ್ತೋದು ಕಲೀತಾರೆ. ಆಮೇಲೆ ಯಾರದಾದ್ರೂ ಅಪ್ಪ ಕಳೆದುಹೋದ್ರೆ ನಾವು ಎಂತ ಮಾಡದು? ಉಳಿದದ್ದು ಎಷ್ಟು ಬೇಕಾದ್ರೂ ಓದ್ತೀನಿ. ಇದು ಕಂಪ್ಯೂಟರ್ ಓದಿದ್ರೂ ಸೈತ, ನಾಳೆಯಿಂದ ನಾನು ಬರಲ್ಲ.”

ಯೋಗೇಂದ್ರ ಹಾಳೆಯನ್ನು ಎರಡು ಸಲ ಓದುತ್ತಾರೆ. ಗೋಡೆಯ ಟಿವಿಯಲ್ಲಿ ನಿನ್ನೆಯ ಜಾಹೀರಾತೊಂದು ಬಂದುಹೋಗುತ್ತದೆ. ಆಮೇಲೆ ಫೋನ್ ಎತ್ತಿ ಅಂಗಡಿಯವರಿಗೆ, ಗಂಟೆ ಇರುವ ಜಾಹೀರಾತಾದರೆ ಹಾಕುತ್ತೇವೆ, ಸದ್ದಿಲ್ಲದ್ದು ಆಗುವುದಿಲ್ಲ ಎಂದು ಹೇಳುತ್ತಾರೆ. ಅತ್ತಲಿಂದ ಬಂದ ಉತ್ತರ ಉದ್ದವಾಗಿಯೇ ಇತ್ತು. ಕಡೆಗೆ ಆದದ್ದು ಇಷ್ಟು: ದಿನಕ್ಕೆ ಇಪ್ಪತ್ತು ಸಲ ಬರಬೇಕಿದ್ದ ಆ ಜಾಹೀರಾತು ಇನ್ನು ನಾಲ್ಕೇ ಸಲ. ಬೇರೆ ಅಂಗಡಿಗಳೂ ಇದೇ ದಾರಿ ಹಿಡಿದರೆ ಚಾನೆಲ್ ಎಷ್ಟು ದಿನ ಇರುತ್ತದೋ ಇಬ್ಬರಿಗೂ ಗೊತ್ತಿಲ್ಲ. ಗುಮಾಸ್ತೆ ತಂದಿಟ್ಟ ಟೀಯನ್ನು ಯೋಗೇಂದ್ರ ಬಾನು ಅವರ ಕಡೆ ಸರಿಸುತ್ತಾರೆ.

ಮೆಟ್ಟಿಲು ಇಳಿಯುವಾಗ ಅವರ ಕಾಲು ನಿಧಾನ. ಇನ್ನು ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ನಿಂತು, ಉಸಿರು ತೆಗೆದುಕೊಂಡು ಹೇಳುತ್ತಾರೆ.

“ಆ ಹತ್ತು ಸೆಕೆಂಡ್ ಮತ್ತೆ ಬೇಕಾಗೋದೇ ಬೇಡ. ಬೇಕಾದ ದಿನ ಮಾತ್ರ ಜನ ತಿರುಗಿ ನೋಡ್ಬೇಕು. ಅಷ್ಟು ಉಳಿಸಿಟ್ಟಿದೀನಿ.”