ಮೌಸ್ ಕಣ್ಣಿಗೊತ್ತಿಕೊಂಡ ದಿನ

ಶಿಕಾರಿಪುರದಲ್ಲಿ ನಮ್ಮ ಯಜಮಾನರದು ಫೋಟೋ ಸ್ಟುಡಿಯೋ. ಅವರು ಮದುವೆ ಫೋಟೋಕ್ಕೆ ಹೋದ ದಿನ ಅಂಗಡಿ ಬಾಗಿಲು ತೆರೆದು ಕೂರುವುದಷ್ಟೇ ನನ್ನ ಕೆಲಸ. ಕಂಪ್ಯೂಟರ್ ಮುಟ್ಟಿದವಳಲ್ಲ.

ಅವತ್ತು ಹೊಸಬಾಳೆಯಿಂದ ಕುರಿ ಸಾಕುವ ಅಜ್ಜ ಒಬ್ಬರು ಬಂದರು. ಹೆಂಡತಿ ತೀರಿಕೊಂಡು ಹತ್ತು ದಿನವಾಗಿತ್ತು, ಮರುದಿನವೇ ತಿಥಿ. ಮಗಳ ಮದುವೆಯಲ್ಲಿ ನಮ್ಮವರು ತೆಗೆದದ್ದು ಬಿಟ್ಟರೆ ಆಕೆಯದು ಬೇರೆ ಫೋಟೋ ಇಲ್ಲ.

"ಐತೋ ಇಲ್ಲೋ, ಅಷ್ಟು ನೋಡಿ ಹೇಳು ತಂಗಿ."

ಯಜಮಾನರಿಗೆ ಫೋನ್ ಮಾಡಿದೆ. ಹಿಂದೆ ವಾಲಗದ ಸದ್ದು. "ಎಡಗಡೆ ಊರಿನ ಹೆಸರಿನ ಫೋಲ್ಡರ್ ಸಾಲಾಗಿ ಅದಾವಲ್ಲ, ಹೊಸಬಾಳೆ ಮೇಲೆ ಒಂದು ಸಲ ಒತ್ತಿದ್ರೆ ಬಣ್ಣ ಬರ್ತತಿ ಅಷ್ಟೇ. ಪಟಪಟ ಎರಡು ಸಲ ಒತ್ತು, ಒಳಗೆ ಆ ಊರಿನ ಮನೆಗಳ ಹೆಸರು ಬಿಚ್ಕೊಳ್ತಾವೆ."

ಹೊಸ ವಸ್ತು ಮುಟ್ಟಿದರೆ ಕಣ್ಣಿಗೊತ್ತಿಕೊಳ್ಳುವುದು ನನಗೆ ರೂಢಿ. ಹೊಸಬಾಳೆಯ ಮೇಲೆ ಬೆರಳೊತ್ತಿ, ಬೆರಳು ತೆಗೆಯದೆ ಮೌಸ್ ಎತ್ತಿ ಕಣ್ಣಿಗೊತ್ತಿಕೊಂಡು, ಹುಚ್ಚರಾಯಸ್ವಾಮಿಯನ್ನು ನೆನೆದು ಕೆಳಗಿಟ್ಟೆ. ಪರದೆ ನೋಡಿದರೆ ಊರುಗಳ ಸಾಲಿನಲ್ಲಿ ಜಡೆ ಇದೆ, ತಾಳಗುಂದ ಇದೆ, ಹೊಸಬಾಳೆ ಮಾತ್ರ ಇಲ್ಲ.

ಇದ್ದ ಒಂದೇ ಮುಖವನ್ನೂ ಅಳಿಸಿಬಿಟ್ಟೆನೇ ತಂದೆ!

"ಸಿಕ್ತಾ ತಂಗಿ?"

"ನೋಡ್ತಿದೀನಿ ಅಜ್ಜಾರೆ." ಮುಖ ತಿರುಗಿಸಿ ಫೋನಿನಲ್ಲಿ ಪಿಸುಗುಟ್ಟಿ ನಡೆದದ್ದು ಹೇಳಿದೆ. "ಹೊಸಬಾಳೆ ಹೋತು ರೀ."

"ಮೌಸಿಗೂ ಪೂಜೆ ಮಾಡಿದ್ಯಾ? ಎಳೆದು ಪಕ್ಕದ ಊರೊಳಗೆ ಹಾಕಿರ್ತೀಯ. ತಾಳಗುಂದ ಬಿಚ್ಚು."

"ಅದೂ ಹೋದ್ರೆ?"

"ಒತ್ತಿ ಬೆರಳು ಬಿಡೇ ಮಾರಾಯ್ತಿ! ಕೈ ಅಲ್ಲಾಡಿಸಬ್ಯಾಡ."

ಫೋನ್ ಕೆಳಗಿಟ್ಟು, ಎಡಗೈಯಿಂದ ಬಲಗೈ ಮಣಿಕಟ್ಟು ಬಿಗಿಹಿಡಿದು ಎರಡು ಸಲ ಒತ್ತಿದೆ. ನಿಧಾನವಾಯಿತೇನೋ, ಬಣ್ಣವಷ್ಟೇ ಬಂತು. ಮತ್ತೆ ಪಟಪಟ ಒತ್ತಿದೆ. ತಾಳಗುಂದ ಬಿಚ್ಚಿಕೊಂಡಿತು, ಅಲ್ಲಿನ ಮನೆಗಳ ಕೆಳಗೆ, ತಪ್ಪಿಸಿಕೊಂಡ ಕುರಿಯಂತೆ, ಹೊಸಬಾಳೆ ನಿಂತಿತ್ತು. ಅದರೊಳಗೆ ಅಜ್ಜನ ಮನೆ, ಮದುವೆ, ಫೋಟೋಗಳು. ಅಷ್ಟು ಹೊತ್ತೂ ಕರೆಂಟ್ ಹೋಗಲಿಲ್ಲ, ಅದೊಂದು ದಯೆ. ನನ್ನ ಎಡವಟ್ಟು ಅಜ್ಜನಿಗೆ ತಿಳಿಯಲಿಲ್ಲ, ಅದೂ ದಯೆಯೇ.

ಧಾರೆ ಎರೆಯುತ್ತಿದ್ದ ಹೆಂಗಸು ಪರದೆ ತುಂಬ ಬಂದರು. ಅಜ್ಜ ತಲೆಯ ಟವೆಲ್ ತೆಗೆದು ಬಗ್ಗಿದರು.

"ಇವ್ಳೇ."

"ನಮ್ಮವರು ಬಂದು ಪ್ರಿಂಟ್ ತೆಗೀತಾರೆ ಅಜ್ಜಾರೆ. ಅಲ್ಲೀತನಕ ಮುಚ್ಚಿಡ್ಲಾ?"

"ಬ್ಯಾಡ ತಂಗಿ. ಹಂಗೇ ಇರ್ಲಿ."

ಮುಚ್ಚುವ ಧೈರ್ಯ ನನಗೆಲ್ಲಿತ್ತು? ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಪರದೆ ಕಪ್ಪಾಗದಿರಲಪ್ಪ ಎಂದು ಬೇಡುತ್ತಾ, ಯಜಮಾನರು ಬರುವವರೆಗೆ ಅಜ್ಜನ ಪಕ್ಕ ಕೂತು ನಾನೂ ಆಕೆಯನ್ನೇ ನೋಡುತ್ತಿದ್ದೆ.