ದುರುಗಮ್ಮನ ನೀಲಗಿರಿ ಭಟ್ಟಿ

ಸೂಳೆಕೆರೆಯ ನಾಲೆಯ ಪಕ್ಕದ ಹಿತ್ತಲಿನಲ್ಲಿ ಇನ್ನೂ ಮಬ್ಬುಗತ್ತಲು. ದುರುಗಮ್ಮ ತಾಮ್ರದ ದೊಡ್ಡ ಹಂಡೆಯೊಳಗೆ ಇಳಿದು ನೀಲಗಿರಿ ಸೊಪ್ಪನ್ನು ತುಳಿಯುತ್ತಿದ್ದಾರೆ. ಹಂಡೆ ತುಂಬಿದ ಮೇಲೆ ನೀರು ಹೊಯ್ದು, ಮುಚ್ಚಳ ಕೂರಿಸಿ, ಸಂದಿಗೆ ಜೇಡಿಮಣ್ಣು ಮೆತ್ತಿ ಬೆಂಕಿ ಹಾಕುತ್ತಾರೆ. ಕಲ್ಲಿನ ಮೇಲೆ ಕುಳಿತ ಗಂಡ ಮಲ್ಲೇಶಪ್ಪ ಹಂಡೆಯ ಕಡೆಗೇ ಕಿವಿಗೊಟ್ಟಿದ್ದಾರೆ.

"ಕುದಿ ಜೋರಾತು. ಒಂದು ಕೊಳ್ಳಿ ಹಿಂದಕ್ಕೆ ಎಳಿ," ಎನ್ನುತ್ತಾರೆ. ದುರುಗಮ್ಮ ಎಳೆಯುತ್ತಾರೆ.

ಎಲೆಯೊಳಗೆ ಅಡಗಿದ್ದ ಪರಿಮಳ ಹಬೆಯ ಜೊತೆ ಹೊರಟು, ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿದ ಕೊಳವೆ ಹಾದು, ಡಬ್ಬಿಗೆ ಹನಿಯುತ್ತದೆ. ಓದಿದವರು ಇಂಥ ಪರಿಮಳದ ಅಂಶಗಳಿಗೆ ಟರ್ಪೀನ್ ಎನ್ನುತ್ತಾರೆ. ದುರುಗಮ್ಮನಿಗೆ ಅದು "ಎಲೆ ಜೀವ". ಇಷ್ಟೊಂದು ಸೊಪ್ಪಿಗೆ ಸಿಗುವುದು ಎರಡು ಬಾಟಲಿ ಎಣ್ಣೆ. ಶೀತವಾದರೆ ನಾವು ಎದೆಗೆ ತಿಕ್ಕಿಕೊಳ್ಳುವುದು ಅದನ್ನೇ.

ಭಟ್ಟಿ ಹೂಡಿದವರು ಮಲ್ಲೇಶಪ್ಪ, ಎಪ್ಪತ್ತಾರನೇ ಇಸವಿಯಲ್ಲಿ. ರೈತರ ಬದುಗಳ ಮರ ಸವರಿ ಸೊಪ್ಪು ಹೊತ್ತು ತರುವುದಷ್ಟೇ ಆಗ ಹೆಂಡತಿಯ ಕೆಲಸ. ಎಣ್ಣೆ ಹದವಾಗಿದೆಯೇ ಎಂದು ಮೂಸಿ ಹೇಳುತ್ತಿದ್ದವರು ಮಲ್ಲೇಶಪ್ಪನವರೇ. ನಾಲ್ಕು ವರ್ಷದ ಹಿಂದೆ, ಎಂಬತ್ತೊಂದರಲ್ಲಿ, ಕೊಳವೆ ಕಟ್ಟಿಕೊಂಡು ಮುಚ್ಚಳ ಹಾರಿತು. ಹಣೆಗೆ ಬಡಿದು ಮಲ್ಲೇಶಪ್ಪ ಹಿಂದಕ್ಕೆ ಬಿದ್ದರು. ಗಾಯ ಮಾಯಿತು. ಆದರೆ ಯಾವ ವಾಸನೆಯೂ ತಿಳಿಯದಾಯಿತು. ತಿರುಗಿ ಬರುವುದು ಕಷ್ಟ ಎಂದರು ದಾವಣಗೆರೆಯ ಡಾಕ್ಟರು.

"ಭಟ್ಟಿ ಕಡೆ ಮುಖಾನೇ ಹಾಕ್ಲಿಲ್ಲ ರೀ. ಗೋಡೆ ಕಡೆ ತಿರುಗಿ ಮಲಗೋರು," ಎನ್ನುತ್ತಾರೆ ದುರುಗಮ್ಮ. "ಹಂಡೆ ಮಾರಾಕೆ ಮನಸ್ಸು ಬರ್ಲಿಲ್ಲ. ನಾನೇ ಬೆಂಕಿ ಹಾಕ್ದೆ."

ಮೊದಲ ಎಣ್ಣೆಯನ್ನು ವ್ಯಾಪಾರಿ ಪಂಚಾಕ್ಷರಪ್ಪ ಮೂಸಿ ನೋಡಿ ಹಿಂದಕ್ಕೆ ಕೊಟ್ಟರು. "ತಳ ಹತ್ತೈತೆ ತಾಯಿ. ಸೀದ ವಾಸ್ನೆ. ಯಾರೂ ತಗಳಲ್ಲ." ದುರುಗಮ್ಮ ಅದನ್ನು ತಿಪ್ಪೆಗೆ ಸುರಿದು, ಮರುದಿನ ಮತ್ತೆ ಸೊಪ್ಪು ತುಂಬಿದರು. ಹಂಡೆ ಕುದಿಯುತ್ತಿದ್ದಾಗ ಮನೆಯೊಳಗಿಂದ ಗಂಡನ ಕೂಗು ಕೇಳಿಸಿತು: "ನೀರು ಬತ್ತೈತೆ ಕಣೇ, ಬೆಂಕಿ ತೆಗಿ."

"ಮಲಗಿದ್ದಲ್ಲಿಂದ ಹೆಂಗೆ ಗೊತ್ತಾತು?" ಎಂದು ನಾನು ಮಲ್ಲೇಶಪ್ಪನವರನ್ನು ಕೇಳಿದೆ.

"ಸದ್ದು ಬದಲಾತು ರೀ. ನೀರು ಇದ್ದಾಗಿನ ಸದ್ದೇ ಬ್ಯಾರೆ. ಇವಳು ಸುಟ್ಕಂತಾಳೆ ಅಂತ ಎದ್ದು ಬಂದೆ."

ಅಂದು ಕಲ್ಲಿನ ಮೇಲೆ ಕುಳಿತವರು ಆಮೇಲೆ ಒಂದು ದಿನವೂ ತಪ್ಪಿಸಿಲ್ಲ. ಬೆಂಕಿಯ ಲೆಕ್ಕ ಅವರದು, ಮೂಸಿ ನೋಡುವುದು ಇವರದು. ಎಣ್ಣೆ ಈಗ ವಾಪಸು ಬರುವುದಿಲ್ಲ. ಪಂಚಾಕ್ಷರಪ್ಪ ಬಾಟಲಿಯ ಬಿರಡೆ ತೆಗೆಯದೆಯೇ ಗಾಡಿಗೆ ಇಡುತ್ತಾರೆ.

ಬಿಸಿಲೇರಿದೆ. ಮಲ್ಲೇಶಪ್ಪ ಕೈಕಾಲು ತೊಳೆಯಲು ನಾಲೆಯ ಕಡೆ ಹೋಗಿದ್ದಾರೆ. ನಿಮಗೇನು ಆಸೆ ಎಂದೆ. ದುರುಗಮ್ಮ ಗಂಡ ಹೋದ ದಾರಿಯನ್ನೊಮ್ಮೆ ನೋಡಿ ದನಿ ತಗ್ಗಿಸಿದರು.

"ಏನು ಬಡಿಸಿದ್ರೂ ಚೆನ್ನಾಗೈತೆ ಅಂತಾರೆ ರೀ. ನನ್ನ ಮನಸ್ಸಿಗೆ ಬ್ಯಾಸರ ಆಗಬಾರದು ಅಂತ. ಒಂದಿನ, ಒಂದೇ ದಿನ, ಹುರುಳಿ ಸಾರಿಗೆ ಒಗ್ಗರಣೆ ಹಾಕಿದಾಗ ಹೊರಗಿಂದ್ಲೇ 'ಏನೇ ಇದು ಘಮ' ಅಂತ ಕೇಳ್ಲಿ. ಅಷ್ಟೇ."