ತವರೂರಿನ ಕಾಲಂ

ನನ್ನ ದಿನಚರಿಯ ಆ ಹಾಳೆಯಲ್ಲಿ ಹೀಗಿದೆ: ಸೋಮವಾರ, ಹಂಗಳ, ಟ್ಯೂಬ್ ಆರು. ಮಂಗಳವಾರ ಒಂಬತ್ತು. ಬುಧವಾರ ಹತ್ತು. ಗುರುವಾರ ಏಳು. ಒಟ್ಟು ಮೂವತ್ತೆರಡು. ಅದರ ಕೆಳಗೆ ಎರಡು ಗೆರೆ. ಕೆಲಸ ಮುಗಿದಾಗ ಮಾತ್ರ ನಾನು ಎರಡು ಗೆರೆ ಎಳೆಯುವುದು. ಆ ಸಲ ಬೇಗ ಎಳೆದುಬಿಟ್ಟೆ.

ಆಗ ನಾನು ಸಂಶೋಧನೆಗೆ ಸೇರಿ ಏಳು ತಿಂಗಳಾಗಿತ್ತು. ಬೇರೆ ಬೇರೆ ಸೀಮೆಯ ಜನರ ಎಂಜಲು ಸಂಗ್ರಹಿಸಿ, ಅದರೊಳಗಿನ ಡಿಎನ್‌ಎ ಓದಿ, ನಮ್ಮ ಹಿಂದಿನವರು ಎಲ್ಲಿಂದ ಎಲ್ಲಿಗೆ ಬಂದರು, ಯಾರೊಡನೆ ಬೆರೆತರು ಎಂದು ತಿಳಿಯುವ ಕೆಲಸ. ಗುಂಡ್ಲುಪೇಟೆ ನನ್ನ ಊರಾದ್ದರಿಂದ ಆ ಸೀಮೆಯನ್ನು ನನ್ನ ಗೈಡ್ ಮೇಡಂ ನನಗೇ ಒಪ್ಪಿಸಿದ್ದರು. ಪರಸ್ಪರ ರಕ್ತಸಂಬಂಧವಿಲ್ಲದ ಇಪ್ಪತ್ತೈದು ಜನ ಬೇಕಿತ್ತು. ಅಷ್ಟಾಗದಿದ್ದರೆ ಅಧ್ಯಯನದಿಂದ ಆ ಸೀಮೆಯೇ ಬಿಟ್ಟುಹೋಗುತ್ತಿತ್ತು, ಅದರೊಂದಿಗೆ ನನ್ನ ಮೊದಲ ವರ್ಷದ ಕೆಲಸವೂ.

ಗುಂಡ್ಲುಪೇಟೆ ಹತ್ತಿರದ ಹಂಗಳದ ಬಾಗಿಲು ತೆರೆಸಿದ್ದು ನನ್ನ ತಂದೆ, ಅಬ್ಬಾ. ಅವರು ಹತ್ತಿ ಹಿಂಜಿ ಹಾಸಿಗೆ ಹೊಲಿಯುತ್ತಾರೆ. ಮದುವೆಯಲ್ಲಿ ಹೆಣ್ಣು ಕೊಡುವ ಮನೆಗಳಿಗೇ ಹೋಗಿ, ಅವಳ ಜೊತೆ ಕಳಿಸುವ ಹಾಸಿಗೆಯನ್ನು ಜಗಲಿಯಲ್ಲಿ ಕೂತು ಹೊಲಿದುಕೊಡುವುದು ರೂಢಿ. ಹಾಗೆ ಪರಿಚಯವಾದ ಒಬ್ಬ ಅಜ್ಜಿಯ ಹೆಸರು ಹೇಳಿ ಕಳಿಸಿದರು. ಎಂಟು ಎಕರೆಯ ಒಡತಿ, ಊರಿನವರಿಗೆಲ್ಲ ಅವರು 'ಅವ್ವ'. ನಾನು ಟ್ಯೂಬ್ ತೋರಿಸಿ ವಿವರಿಸಿದಾಗ ಅವರು ಮೊದಲು ಹೇಳಿದ್ದು:

"ಇಷ್ಟೊಂದ್ ಓದ್ಬುಟ್ಟು ಎಂಜ್ಲು ಕೇಳಕ್ಕೆ ಬಂದಿದ್ದೀಯೇನಮ್ಮಿ?"

ಜಗಲಿಯಲ್ಲಿದ್ದವರೆಲ್ಲ ನಕ್ಕರು. ಆದರೆ ಮೊದಲ ಟ್ಯೂಬ್ ಅವರದೇ. ಉಗುಳುವ ಮುಂಚೆ ಅರ್ಧ ಗಂಟೆ ಎಲೆ ಅಡಿಕೆ ಹಾಕುವಂತಿಲ್ಲ ಎಂದಿದ್ದಕ್ಕೆ ಗೋಡೆ ಗಡಿಯಾರ ನೋಡುತ್ತಾ ಮೂವತ್ತೆಂಟು ನಿಮಿಷ ಬಾಯಿ ಖಾಲಿ ಇಟ್ಟುಕೊಂಡು ಕೂತಿದ್ದರು. ಅದನ್ನೂ ಬರೆದಿಟ್ಟಿದ್ದೇನೆ.

"ಒಂದು ಮನೆಯಿಂದ ಒಬ್ಬರೇ ಬೇಕು ಅವ್ವ" ಎಂದು ನಾನು ಹೇಳಿದೆ. "ಅಟ್ಟಿಗೊಬ್ರು ತಾನೇ, ಬುಡು, ನಾನು ಕರುಸ್ತೀನಿ" ಎಂದರು. ಅವರ ಮಾತಿನಲ್ಲಿ ಮನೆಯೆಂದರೆ ಅಟ್ಟಿ. ಫೋನು ಹಿಡಿದರು. ನಾಲ್ಕು ದಿನ ಹೆಂಗಸರು ಬಂದೇ ಬಂದರು, ಕೆಲವರು ತೆರಕಣಾಂಬಿಯಿಂದ, ಉಡಿಗಾಲದಿಂದ ಬಸ್ಸಿನಲ್ಲಿ. ನಮೂನೆಯಲ್ಲಿ ಹೆಸರು, ವಯಸ್ಸು, ಊರು, ಗಂಡನ ಅಥವಾ ತಂದೆಯ ಹೆಸರು, ಮನೆತನ ಇಷ್ಟೇ ಕಾಲಂ. ಊರು ಬೇರೆ, ಮನೆತನ ಬೇರೆ. ನನಗೆ ಖುಷಿಯೋ ಖುಷಿ.

ಐದು ವಾರ ಕಳೆದ ಮೇಲೆ ಚಾಮರಾಜನಗರದ ಬಸ್ ನಿಲ್ದಾಣದಲ್ಲಿದ್ದಾಗ ಮೇಡಂ ಫೋನ್ ಬಂತು.

"ನಿನ್ನ ಮೂವತ್ತೆರಡರಲ್ಲಿ ಹನ್ನೊಂದನ್ನು ಬಿಡಬೇಕು. ಹತ್ತಿರದ ಸಂಬಂಧ. ಒಂದೇ ಕುಟುಂಬವನ್ನು ಮತ್ತೆ ಮತ್ತೆ ಎಣಿಸಿದರೆ ಅದನ್ನೇ ಇಡೀ ಸೀಮೆ ಅಂದುಕೊಳ್ಳುತ್ತೀವಿ. ಏನು ಕೇಳಿದೆ ನೀನು ಅವರನ್ನ?"

ನಿಂತಲ್ಲೇ ಲೆಕ್ಕ ಹಾಕಿದೆ. ಉಳಿದದ್ದು ಇಪ್ಪತ್ತೊಂದು. ಕಡಿಮೆ ನಾಲ್ಕು. ಗಡುವು ಎರಡು ವಾರ. ಅವ್ವ ಸುಳ್ಳು ಹೇಳಿದರೇ ಎಂಬ ಅನುಮಾನವನ್ನು ಆ ದಿನದ ಹಾಳೆಯಲ್ಲಿ ಬರೆದೆ. ಆಮೇಲೆ ನಾಚಿಕೆಯಾಗಿ ಹೊಡೆದುಹಾಕಿದೆ. ಹೊಡೆದ ಗೆರೆಯ ಕೆಳಗೆ ಅದು ಈಗಲೂ ಓದಲು ಸಿಗುತ್ತದೆ.

ಭಾನುವಾರ ಅಬ್ಬಾ ತಮ್ಮ ಮೊಪೆಡ್‌ನಲ್ಲಿ ನನ್ನನ್ನು ಹಂಗಳಕ್ಕೆ ಕರೆದುಕೊಂಡು ಹೊರಟರು. ಯಾರ ಟ್ಯೂಬು ಯಾರದ್ದರ ಜೊತೆ ಹೊಂದಿತು ಎಂಬುದು ನನಗೂ ಗೊತ್ತಿಲ್ಲ, ಅಲ್ಲಿರುವುದು ಬರೀ ನಂಬರ್. ಗೊತ್ತಿದ್ದರೂ ಹೇಳುವಂತಿಲ್ಲ. ಹಾಗಾಗಿ ಅವ್ವನ ಮುಂದೆ ಕೂತು ಇಷ್ಟೇ ಹೇಳಿದೆ: ಬಂದವರಲ್ಲಿ ಕೆಲವರು ಸಂಬಂಧಿಕರಂತೆ, ನಾನು ಕೇಳಿದ್ದೇ ಸರಿಯಾಗಿರಲಿಲ್ಲವೇನೋ.

ಅವ್ವನ ಮುಖ ಬಿಗಿಯಿತು. "ನಾನೇನ್ ಸುಳ್ ಏಳಿದ್ನಾ? ಅಟ್ಟಿಗೊಬ್ರು ಅಂದೆ, ಅಂಗೇ ಕರ್ಸಿದ್ದೀನಿ. ಈ ಅಟ್ಟಿಯಿಂದ ನಾನೊಬ್ಳು. ತೆರಕಣಾಂಬಿ ಅಟ್ಟಿಯಿಂದ ದೊಡ್ಡೋಳು. ಉಡಿಗಾಲದಟ್ಟಿಯಿಂದ ಚಿಕ್ಕೋಳು."

ದೊಡ್ಡೋಳು, ಚಿಕ್ಕೋಳು! ಅವರಿಬ್ಬರೂ ಅವ್ವನ ಹೆಣ್ಣುಮಕ್ಕಳು. ಊರೆಲ್ಲ 'ಅವ್ವ' ಎನ್ನುವ ಜಗಲಿಯಲ್ಲಿ ಅವರೂ 'ಅವ್ವ' ಎಂದದ್ದು ನನಗೆ ಬೇರೆಯಾಗಿ ಕೇಳಿಸಿರಲಿಲ್ಲ.

ಅಬ್ಬಾ ನಕ್ಕರು. "ಅಮ್ಮಾವ್ರೇ, ಆ ಇಬ್ರಿಗೂ ಹಾಸಿಗೆ ಹೊಲ್ದಿದ್ದು ನಾನೇ ಅಲ್ವಾ? ಈ ಜಗಲಿ ಮೇಲೇ ಕೂತು."

"ಒಲ್ದ್ರಿ ಸಾಬ್ರೇ, ಯಾರ್ ಇಲ್ಲ ಅಂದೋರು? ಒಲ್ದು, ಕೊಟ್ಟು, ಕಳ್ಸೂ ಆಯ್ತು. ಆವಾಗಿಂದ ಅವು ಆ ಅಟ್ಟಿಯವು."

"ಹಾಸಿಗೆ ತೆರಕಣಾಂಬಿಗೆ ಹೋಯ್ತು. ಒಳಗಿನ ಹತ್ತಿ ಇಲ್ಲೀದೇ ತಾನೇ?"

ಎಂಟು ತಿಂಗಳಿಂದ ನಾನು ಮನೆಯಲ್ಲಿ ಉರ್ದುವಿನಲ್ಲಿ ವಿವರಿಸಿ ಸೋತಿದ್ದನ್ನು ಅಬ್ಬಾ ಕನ್ನಡದಲ್ಲಿ ಒಂದೇ ಮಾತಿಗೆ ಹೇಳಿಬಿಟ್ಟರು. ಅವ್ವ ನನ್ನ ಕಡೆ ತಿರುಗಿದರು.

"ಅಂಗಾರೆ ನಿಮ್ ಲೆಕ್ಕದಾಗೆ ಅವು ಇನ್ನೂ ನಮ್ಮಟ್ಟಿಯವೇಯಾ?"

"ಹೌದು ಅವ್ವ. ಯಾವಾಗಲೂ."

ಅವ್ವ ಫೋನಿನ ಸ್ಪೀಕರ್ ಹಾಕಿ ದೊಡ್ಡ ಮಗಳಿಗೆ ಕರೆ ಮಾಡಿದರು. "ಏನಮ್ಮಿ, ನೀನು ಇನ್ನೂ ನಮ್ಮಟ್ಟಿಯವಳೇಯಂತೆ ಕಣಾ. ಸಾಬ್ರ ಮಗ್ಳು ಏಳ್ತಾವ್ಳೆ."

ಆ ಕಡೆಯಿಂದ ತಡವಿಲ್ಲದೆ ಉತ್ತರ ಬಂತು: "ಅಂಗಾರೆ ಎಂಟೆಕ್ರೇಲಿ ನನ್ ಪಾಲು ಅಳೆದು ಮಡಗವ್ವ, ನಾಳೆ ಬಸ್ಸಿಗೇ ಬತ್ತೀನಿ!"

"ಮಡುಗು ಫೋನ" ಎಂದು ಅವ್ವ ಕಟ್ ಮಾಡಿದರು. ಆದರೆ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

ತಪ್ಪು ಎಲ್ಲಿತ್ತೆಂದು ನನಗೆ ಗೊತ್ತಾದದ್ದು ಆಗ. ನನ್ನ ನಮೂನೆ ಗಂಡನ ಹೆಸರು ಕೇಳಿತ್ತು, ಅವರ ತವರಾಗಲಿ ತಾಯಿಯ ತವರಾಗಲಿ ಕೇಳಿರಲಿಲ್ಲ. ಹೆಂಗಸರು ಹುಟ್ಟಿದ ಮನೆಯನ್ನು ನಾನೇ ಕಾಗದದಿಂದ ಅಳಿಸಿ, ಆಮೇಲೆ ಅವರನ್ನು ಅನುಮಾನಿಸಿದ್ದೆ. ಸ್ಕೇಲು ತೆಗೆದು ಪುಸ್ತಕದಲ್ಲಿ ಮೂರು ಹೊಸ ಕಾಲಂ ಎಳೆದೆ: ತವರೂರು, ತಾಯಿಯ ತವರೂರು, ಅಜ್ಜಿಯರ ತವರೂರು.

ಹನ್ನೊಂದೂವರೆಯಿಂದ ನಾಲ್ಕರವರೆಗೆ ಅವ್ವ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ನಡುವೆ ಎರಡು ಸಲ ಕಾಫಿ, ಒಂದು ಸಲ ಮುದ್ದೆ ಊಟ. ಇನ್ನೂ ಟ್ಯೂಬ್ ಕೊಡದ ಇಪ್ಪತ್ತಾರು ಹೆಂಗಸರ ಮೂರು ತಲೆಮಾರಿನ ತವರನ್ನು ಒಂದು ಚೀಟಿಯೂ ಇಲ್ಲದೆ ಹೇಳಿದರು. ಅವ್ವ ಮರೆತ ಕಡೆ ಅಬ್ಬಾ ಹಾಸಿಗೆ ನೆನಪಿಸಿದರು. ಮೇಲಿನ ಬೀದಿಯ ಒಬ್ಬಳನ್ನು ಅವ್ವ ಇವಳಾಗಬಹುದು ಎಂದಾಗ ಅಬ್ಬಾ ತಲೆಯಾಡಿಸಿ, "ಆಗಲ್ಲ, ಅವ್ರಮ್ಮನ ಹಾಸಿಗೆ ನಮ್ಮಪ್ಪ ನಿಮ್ಮ ಹಳೇ ಮನೇಲೇ ಹೊಲ್ದಿದ್ದು" ಎಂದರು. ಅವ್ವ ಹಣೆ ಬಡಿದುಕೊಂಡು, "ಅಯ್ಯೋ, ನಮ್ಮತ್ತೆ ತಂಗೀ ಮೊಮ್ಮಗ್ಳು, ನನ್ ಮಕ್ಳಿಗೆ ರಕ್ತಸಂಬಂದ, ಒಡಿ ಅವಳ್ನ" ಎಂದರು. ಹೀಗೆ ಹೊಡೆದು ಹೊಡೆದು ಉಳಿದವರು ಐದು ಜನ. ಮುಂದಿನ ಮೂರು ದಿನ ಅವರ ಮನೆಗಳಿಗೆ ಹೋಗಿ, ಅವರ ಬಾಯಿಂದಲೇ ಇನ್ನೊಮ್ಮೆ ಕೇಳಿ, ಒಪ್ಪಿದ ನಾಲ್ವರ ಟ್ಯೂಬ್ ತಂದೆ.

ಗಡುವಿನ ಹಿಂದಿನ ದಿನ, ಶುಕ್ರವಾರ ಸಂಜೆ ಐದು ಹತ್ತಕ್ಕೆ ಮೇಡಂ ಸಂದೇಶ ಬಂತು: "ಇಪ್ಪತ್ತೈದು. ನಿನ್ನ ಸೀಮೆ ಉಳಿಯಿತು. ಆ ಮೂರು ಕಾಲಂ ಎಲ್ಲರ ನಮೂನೆಗೂ ಸೇರಿಸಿದ್ದೇನೆ." ಈಗ ನನ್ನ ಜೊತೆಯ ಎಂಟು ಮಂದಿ ಬೇರೆ ಬೇರೆ ಜಿಲ್ಲೆಗಳಲ್ಲಿ ಅಜ್ಜಿಯರ ತವರೂರು ಕೇಳುತ್ತಿದ್ದಾರೆ. ಅದು ಹಂಗಳದ ಒಂದು ಜಗಲಿಯಲ್ಲಿ ಹುಟ್ಟಿದ್ದೆಂದು ಅವರಿಗೆ ಗೊತ್ತಿಲ್ಲ. ನನಗೆ ಗೊತ್ತಿದೆ, ಅಬ್ಬಾಗೂ ಗೊತ್ತಿದೆ. ಅವ್ವನ ಟ್ಯೂಬ್ ಇಪ್ಪತ್ತೈದರಲ್ಲಿ ಉಳಿಯಿತೋ ಇಲ್ಲವೋ, ಅದು ಮಾತ್ರ ನಮಗ್ಯಾರಿಗೂ ಗೊತ್ತಾಗುವುದಿಲ್ಲ.

ಎರಡು ಗೆರೆಯನ್ನು ಅವತ್ತು ಮತ್ತೆ ಎಳೆದೆ.

ಹೋದ ತಿಂಗಳು ತೆರಕಣಾಂಬಿ ಬಸ್ಸಿನಲ್ಲಿ ಅವ್ವನ ದೊಡ್ಡ ಮಗಳು ಸಿಕ್ಕಿದ್ದರು. ಕಾಲಡಿಯಲ್ಲಿ ಒಂದು ಚೀಲ. ಪಾಲು ಸಿಕ್ಕಿತಾ ಎಂದು ಕೇಳಿದೆ.

"ಎಲ್ಲಿ ಪಾಲು? ಒಂದ್ ಚೀಲ ರಾಗಿ ಸಿಕ್ತು" ಎಂದು ಚೀಲ ತಟ್ಟಿದರು. "ಇಪ್ಪತ್ ವರ್ಸದಾಗೆ ಕೇಳದೇನೆ ಕೊಟ್ಟಿದ್ದು ಇದೇ ಮೊದ್ಲು ಕಣಮ್ಮಿ. ಯಾಕವ್ವ ಅಂದ್ರೆ, ನಮ್ಮಟ್ಟಿಯವಳು ಅಂತ ಟೆಸ್ಟಲ್ಲಿ ಬಂದದಲ್ಲ ಅಂದ್ಳು."